ವಿದ್ಯುತ್ತಿನ ಮುಯ್ಯಾಳು



ನರಸಿಂಹರಾಜಪುರ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಾನು ಸಮಾಜ ವಿಜ್ಞಾನ ಬೋಧಿಸುತ್ತಿದ್ದ ಕಾಲವದು. 1986ರ ಮಳೆಗಾಲ. ಹೊರಗೆ ಸುರಿಯುವ ಮಳೆಯ ಸದ್ದಿಗೆ ನನ್ನ ಧ್ವನಿ ಹಿಂದಿನ ಬೆಂಚಿಗೆ ಕೇಳಿಸುತ್ತಿರಲಿಲ್ಲ. ಕೊಠಡಿಯಲ್ಲಿ ಎಷ್ಟು ಮಬ್ಬಿತ್ತೆಂದರೆ ಕಪ್ಪುಹಲಗೆಯ ಮೇಲೆ ಅಕ್ಷರಗಳನ್ನು ದಪ್ಪವಾಗಿ ತಿದ್ದಿ ಬರೆಯಬೇಕಾಗಿತ್ತು. ಅಂದಿನ ಪಾಠ ಮೈಸೂರು ಸಂಸ್ಥಾನದ ಪ್ರಗತಿ. "1902ರಲ್ಲಿ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುತ್ ಪೂರೈಕೆ" ಎಂದು ಬರೆದು ಇಸವಿಯ ಕೆಳಗೆ ಎರಡು ಗೆರೆ ಎಳೆದೆ. ಪರೀಕ್ಷೆಯಲ್ಲಿ ಒಂದು ಅಂಕಕ್ಕೆ ಬರುವ ಪ್ರಶ್ನೆ ಅದು.

ಹಿಂದಿನ ಸಾಲಿನ ಹುಡುಗನೊಬ್ಬ ಎದ್ದು ನಿಂತ. "ಸಾರ್, ಕೋಲಾರಕ್ಕೆ 1902ರಲ್ಲೇ ಕರೆಂಟು ಹೋಯ್ತು. ನಮ್ಮನೆಗೆ ಯಾವಾಗ ಬರ್ತದೆ?"

ತರಗತಿ ನಕ್ಕಿತು. ನಾನೂ ನಕ್ಕು, "ಬರ್ತದೆ ಮಾರಾಯ, ಕೂತ್ಕೊ" ಎಂದು ಪಾಠ ಮುಂದುವರಿಸಿದೆ. ಹುಡುಗ ಅದನ್ನು ತಮಾಷೆಗೆ ಕೇಳಿರಲಿಲ್ಲವೆಂಬುದು ನನಗೆ ತಿಳಿದದ್ದು ಕೆಲವು ತಿಂಗಳ ನಂತರ, ಅವನ ಮನೆಗೆ ಹೋದಾಗ. ಅವನ ಅಜ್ಜನ ಗದ್ದೆ, ತೋಟ, ಮನೆ ಎಲ್ಲವೂ ಭದ್ರಾ ಅಣೆಕಟ್ಟೆಯ ಹಿನ್ನೀರಿನಲ್ಲಿ ಮುಳುಗಿದ್ದವು. ಬೇಸಿಗೆಯಲ್ಲಿ ನೀರು ಇಳಿದಾಗ ಹಳೆಯ ಮನೆಯ ಪಂಚಾಂಗದ ಕಲ್ಲುಗಳು ಕಾಣುತ್ತವೆಂದು ಆ ಹಿರಿಯರು ಜಗಲಿಯಲ್ಲಿ ಕುಳಿತು ಕೈ ನೀಡಿ ತೋರಿಸಿದರು. ಆ ನೀರು ಲಕ್ಕವಳ್ಳಿಯಲ್ಲಿ ವಿದ್ಯುತ್ ಯಂತ್ರಗಳನ್ನು ತಿರುಗಿಸಿ ಕಾಲುವೆಗೆ ಇಳಿಯುತ್ತಿತ್ತು. ಅಜ್ಜನ ಜಗಲಿಯಲ್ಲಿ ಮಾತ್ರ ಚಿಮಣಿ ಬುಡ್ಡಿಯೇ ಉರಿಯುತ್ತಿತ್ತು.

ಕಳೆದ ಮಳೆಗಾಲದಲ್ಲಿ ಅದೇ ಹುಡುಗ, ಈಗ ಐವತ್ತು ದಾಟಿದ ಕೃಷಿಕ, ಕೊಪ್ಪದ ಬಸ್ ನಿಲ್ದಾಣದಲ್ಲಿ ಎದುರಾದ. ಕಾಲು ಮುಟ್ಟಿ ನಮಸ್ಕರಿಸಿ, ಕುಶಲ ವಿಚಾರಿಸಿ, ಹಳೆಯ ಅಭ್ಯಾಸದಂತೆ ಇನ್ನೊಂದು ಪ್ರಶ್ನೆ ಹಾಕಿದ. "ಸಾರ್, ಕರೆಂಟನ್ನ ಈಗ ಅಡಿಕೆ ಹಾಗೆ ದಿನಾ ಹರಾಜು ಹಾಕ್ತಾರಂತೆ. ಬರ ಬಂದಾಗ ಉತ್ತರಪ್ರದೇಶದಿಂದ ತಂದ್ರಂತೆ. ಹಾಗಾದ್ರೆ ನಮ್ಮ ಶರಾವತಿ, ನಮ್ಮ ಭದ್ರೆ ಎಲ್ಲ ಯಾಕೆ ಬೇಕಿತ್ತು?"

ಮೊದಲ ಪ್ರಶ್ನೆಗೆ ಉತ್ತರ ಕೊಡದೆ ಬಾಕಿ ಉಳಿಸಿಕೊಂಡ ಮೇಷ್ಟ್ರು ನಾನು. ಎರಡನೆಯದನ್ನೂ ನಕ್ಕು ತಳ್ಳಿಬಿಡಲು ಮನಸ್ಸು ಒಪ್ಪಲಿಲ್ಲ. ಎರಡಕ್ಕೂ ಉತ್ತರ ಒಂದೇ ಇತಿಹಾಸದಲ್ಲಿದೆ ಎಂದು ಈಗ ತೋರುತ್ತದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲಿಗೆ ಒಂದು ತಪ್ಪೊಪ್ಪಿಗೆ. ಶಿವನಸಮುದ್ರದ್ದು ಏಷ್ಯಾ ಖಂಡದಲ್ಲಿಯೇ ಮೊದಲ ಜಲವಿದ್ಯುತ್ ಕೇಂದ್ರವೆಂದು ನಾನು ನಿಮ್ಮಲ್ಲಿ ಅನೇಕರಿಗೆ ಬಾಯಿಪಾಠ ಮಾಡಿಸಿದ್ದೇನೆ. ಅದು ಸರಿಯಲ್ಲ. ಜಪಾನಿನ ಕ್ಯೋಟೋ ನಗರದಲ್ಲಿ 1891ರಲ್ಲಿಯೇ ಅಂಥ ಕೇಂದ್ರವಿತ್ತು. ನಮ್ಮ ದೇಶದಲ್ಲಿಯೂ ಡಾರ್ಜಿಲಿಂಗ್ ಬಳಿಯ ಸಿದ್ರಾಪೋಂಗ್‌ನಲ್ಲಿ 1897ರ ನವೆಂಬರಿನಲ್ಲಿ 130 ಕಿಲೋವಾಟಿನ ಪುಟ್ಟ ಕೇಂದ್ರವೊಂದು ಆರಂಭವಾಗಿತ್ತು. ಶಿವನಸಮುದ್ರದ ಹಿರಿಮೆ ಬೇರೆಯದು. ಅಲ್ಲಿ ಹುಟ್ಟಿದ ವಿದ್ಯುತ್ತು ಅಲ್ಲಿಯೇ ಉಳಿಯಲಿಲ್ಲ. 1902ರ ಜೂನ್ ತಿಂಗಳ ಕೊನೆಯಲ್ಲಿ ಅದು 92 ಮೈಲಿ, ಅಂದರೆ ಸುಮಾರು 148 ಕಿಲೋಮೀಟರ್ ದೂರದ ಕೋಲಾರ ಚಿನ್ನದ ಗಣಿಯನ್ನು ಮುಟ್ಟಿತು. ಅಂದಿನ ಕಾಲಕ್ಕೆ ಅದು ಜಗತ್ತಿನ ಅತ್ಯಂತ ಉದ್ದದ ವಿದ್ಯುತ್ ಮಾರ್ಗಗಳಲ್ಲಿ ಒಂದು. ಯೋಜನೆಗೆ ಬೆಂಬಲವಾಗಿ ನಿಂತ ದಿವಾನ್ ಶೇಷಾದ್ರಿ ಅಯ್ಯರ್ ಅವರು ಅದನ್ನು ನೋಡಲು ಬದುಕಿರಲಿಲ್ಲ. 1901ರಲ್ಲಿಯೇ ತೀರಿಕೊಂಡಿದ್ದರು. ಯೋಜನೆಯ ಎಂಜಿನಿಯರ್ ಆಗಿದ್ದವರು ಜೋಲಿ ದ ಲೋಬಿನಿಯರ್.

ಇಲ್ಲಿ ನಾವು ಗಮನಿಸಬೇಕಾದ ಸಂಗತಿಯೊಂದಿದೆ. ಆ ತಂತಿ ನೂರಾರು ಹಳ್ಳಿಗಳನ್ನು ದಾಟಿ ಹೋಯಿತು, ಯಾವ ಹಳ್ಳಿಯಲ್ಲಿಯೂ ಇಳಿಯಲಿಲ್ಲ. ಬೆಂಗಳೂರಿಗೆ ವಿದ್ಯುದ್ದೀಪ ಬಂದದ್ದು 1905ರಲ್ಲಿ, ಅರಮನೆಯಿದ್ದ ಮೈಸೂರಿಗೆ 1908ರಲ್ಲಿ. ರಾಜಧಾನಿಗಿಂತ ಮೊದಲು ಗಣಿಗೆ ಹೋದದ್ದೇಕೆ? ಗಣಿಯ ಕಂಪನಿ ಹಣ ಕೊಟ್ಟು ಕೊಳ್ಳಲು ಸಿದ್ಧವಿತ್ತು. ವಿದ್ಯುತ್ತು ಹುಟ್ಟಿದ ದಿನದಿಂದಲೇ ಕೊಳ್ಳುವವನಿದ್ದ ಕಡೆಗೆ ಹರಿಯಿತು. ನಮ್ಮ ಹುಡುಗನ ಮೊದಲ ಪ್ರಶ್ನೆಗೆ ಅರ್ಧ ಉತ್ತರ ಇಲ್ಲಿಯೇ ಇದೆ. ವಿದ್ಯುತ್ತಿನ ಮಾರುಕಟ್ಟೆ ಎಂಬುದು ನಿನ್ನೆ ಮೊನ್ನೆಯ ಮಾತೆಂದು ನಾವು ಭಾವಿಸುತ್ತೇವೆ. ಕರ್ನಾಟಕದ ಮಟ್ಟಿಗೆ ಅದು ಮೊದಲ ತಂತಿಯಷ್ಟೇ ಹಳೆಯದು.

ಶಿವನಸಮುದ್ರದ ಅನಂತರ ಶಿಂಷಾ, ಅದಾದ ಮೇಲೆ ಜೋಗ. ಜೋಗದ ಮಹಾತ್ಮ ಗಾಂಧಿ ಜಲವಿದ್ಯುತ್ ಕೇಂದ್ರ ಸ್ವಾತಂತ್ರ್ಯ ಬಂದ ವರ್ಷಗಳಲ್ಲಿ ಕೆಲಸ ಆರಂಭಿಸಿತು. ಅದರ ಮೂಲ ಸಾಮರ್ಥ್ಯ 120 ಮೆಗಾವಾಟ್ ಆಗಿತ್ತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಶರಾವತಿ ವಿದ್ಯುದಾಗಾರದ ಘಟಕಗಳು ಒಂದೊಂದಾಗಿ ತಿರುಗತೊಡಗಿದವು. 1977ರ ವೇಳೆಗೆ ಹತ್ತು ಘಟಕಗಳಾದವು. ಇಂದು ಅದರ ಸಾಮರ್ಥ್ಯ 1035 ಮೆಗಾವಾಟ್. ಇತ್ತ ನಮ್ಮ ಸೀಮೆಯಲ್ಲಿ ಲಕ್ಕವಳ್ಳಿಯ ಭದ್ರಾ ಅಣೆಕಟ್ಟಿನ ಕೆಲಸ 1947ರಲ್ಲಿ ಆರಂಭವಾಗಿ ಅರವತ್ತರ ದಶಕದ ನಡುವಿನವರೆಗೂ ನಡೆಯಿತು. 186 ಅಡಿಯವರೆಗೆ ನೀರು ನಿಲ್ಲುವ ಜಲಾಶಯವದು. ದಾವಣಗೆರೆಯ ಕಡೆಯ ಗದ್ದೆಗಳಿಗೆ ನೀರು, ರಾಜ್ಯಕ್ಕೆ ನಲವತ್ತು ಮೆಗಾವಾಟಿಗೆ ಸಮೀಪದ ವಿದ್ಯುತ್ತು, ನರಸಿಂಹರಾಜಪುರಕ್ಕೆ ಹಿನ್ನೀರು. 1915ರಲ್ಲಿ ಯುವರಾಜರು ಬಂದುಹೋದ ನೆನಪಿಗೆ ಎಡೇಹಳ್ಳಿ ಎಂಬ ಹೆಸರನ್ನು ಬಿಟ್ಟು ನರಸಿಂಹರಾಜಪುರವಾದ ಊರು, ಅರ್ಧ ಶತಮಾನ ಕಳೆಯುವಷ್ಟರಲ್ಲಿ ತನ್ನ ಸುತ್ತಲಿನ ಎಷ್ಟೋ ಹಳ್ಳಿಗಳನ್ನು ನೀರಿಗೆ ಕೊಟ್ಟು ದಡದಲ್ಲಿ ನಿಂತಿತು.

ಆ ಕಾಲದಲ್ಲಿ ಮೈಸೂರು ರಾಜ್ಯದ ವಿದ್ಯುತ್ತು ಬಹುತೇಕ ಮಳೆಯ ವಿದ್ಯುತ್ತು. ಆಗುಂಬೆ, ಶೃಂಗೇರಿ, ತೀರ್ಥಹಳ್ಳಿಯ ಕಡೆಯ ಮೋಡಗಳನ್ನು ನಂಬಿ ಬೆಂಗಳೂರಿನ ಕಾರ್ಖಾನೆಗಳು ನಡೆಯುತ್ತಿದ್ದವು. ಶರಾವತಿಯ ಮೊದಲ ವರ್ಷಗಳಲ್ಲಿ ನಮ್ಮಲ್ಲಿ ಹೆಚ್ಚುವರಿ ಇತ್ತು, ನೆರೆಯ ರಾಜ್ಯಗಳಿಗೂ ಮಾರಿದೆವು. ಆದರೆ ಬೇಡಿಕೆ ವರ್ಷವರ್ಷವೂ ಬೆಳೆಯಿತು, ಮಳೆ ಬೆಳೆಯಲಿಲ್ಲ. ಮಳೆ ಕೈಕೊಟ್ಟ ವರ್ಷ ರಾಜ್ಯವೆಲ್ಲ ಕತ್ತಲು. ಎಪ್ಪತ್ತು, ಎಂಬತ್ತರ ದಶಕಗಳಲ್ಲಿ 'ಪವರ್ ಕಟ್' ಎಂಬ ಇಂಗ್ಲಿಷ್ ಮಾತು ಅಕ್ಷರ ಬಾರದವರ ಬಾಯಿಗೂ ಬಂದುಬಿಟ್ಟಿತು. ರಾಯಚೂರಿನ ಶಾಖೋತ್ಪನ್ನ ಕೇಂದ್ರದ ಮೊದಲ ಘಟಕ 1985ರಲ್ಲಿ ಆರಂಭವಾಗುವವರೆಗೂ ಈ ರಾಜ್ಯಕ್ಕೆ ಹೇಳಿಕೊಳ್ಳುವಂಥ ಬೇರೆ ಆಸರೆ ಇರಲಿಲ್ಲ. ಒಂದೇ ಬೆಳೆಯನ್ನು ನಂಬಿದ ಮನೆಯ ಹಾಗೆ.

ಈಗ ನಮ್ಮ ಊರುಗಳ ಹಳೆಯ ಪದ್ಧತಿಯೊಂದನ್ನು ನೆನಪಿಸಿಕೊಳ್ಳೋಣ. ಇಂದಿನ ಮಕ್ಕಳಿಗೆ ಮುಯ್ಯಾಳು ಎಂದರೆ ತಿಳಿಯದು, ಆದ್ದರಿಂದ ಬಿಡಿಸಿ ಹೇಳುತ್ತೇನೆ. ನಾಟಿಯ ದಿನ ನಮ್ಮ ಗದ್ದೆಗೆ ನೆರೆಮನೆಯವರು ಬರುತ್ತಿದ್ದರು. ಅವರ ಗದ್ದೆಯ ನಾಟಿಗೆ ನಾವು ಅಷ್ಟೇ ಆಳು ಹೋಗಬೇಕು. ಹಣದ ಮಾತಿಲ್ಲ. ಎಲ್ಲರ ಗದ್ದೆಯೂ ಒಂದೇ ದಿನ ಹದಕ್ಕೆ ಬರುವುದಿಲ್ಲವಾದ್ದರಿಂದ ಈ ಏರ್ಪಾಡು ನಡೆಯುತ್ತಿತ್ತು. ಮುಯ್ಯಿ ತೀರಿಸದವನ ಗದ್ದೆಗೆ ಮುಂದಿನ ವರ್ಷ ಯಾರೂ ಇಳಿಯುತ್ತಿರಲಿಲ್ಲ.

ವಿದ್ಯುತ್ ಜಾಲಗಳನ್ನು ಒಂದಕ್ಕೊಂದು ಜೋಡಿಸುವುದರ ಹಿಂದಿನ ವಿವೇಕವೂ ಇದೇ. ನಮ್ಮ ನದಿ ತುಂಬಿದಾಗ ನೆರೆಯವನ ಕಲ್ಲಿದ್ದಲು ಉಳಿಯುತ್ತದೆ, ನಮ್ಮ ನದಿ ಬತ್ತಿದಾಗ ಅವನ ಕಲ್ಲಿದ್ದಲು ನಮ್ಮ ದೀಪ ಉರಿಸುತ್ತದೆ. 1964ರಲ್ಲಿ ಕೇಂದ್ರ ಸರ್ಕಾರ ದೇಶವನ್ನು ಐದು ವಿದ್ಯುತ್ ವಲಯಗಳಾಗಿ ವಿಂಗಡಿಸಿ ವಲಯ ವಿದ್ಯುತ್ ಮಂಡಳಿಗಳನ್ನು ರಚಿಸಿತು. ಆಂಧ್ರಪ್ರದೇಶ, ಮದ್ರಾಸ್, ಕೇರಳ, ಮೈಸೂರು ರಾಜ್ಯಗಳು ದಕ್ಷಿಣ ವಲಯವಾದವು. ಅದರ ಕಚೇರಿ ಬೆಂಗಳೂರಿನಲ್ಲಿ. ಎಂಬತ್ತರ ದಶಕದಲ್ಲಿ ಗೋದಾವರಿ ತೀರದ ರಾಮಗುಂಡಂನಲ್ಲಿ ರಾಷ್ಟ್ರೀಯ ಶಾಖೋತ್ಪನ್ನ ವಿದ್ಯುತ್ ನಿಗಮದ ದೊಡ್ಡ ಕೇಂದ್ರ ಆರಂಭವಾಯಿತು. ದಕ್ಷಿಣದ ರಾಜ್ಯಗಳೆಲ್ಲ ಅದರಲ್ಲಿ ಪಾಲುದಾರರು. ಸಿಂಗರೇಣಿಯ ಕಲ್ಲಿದ್ದಲಿನ ಶಕ್ತಿ ತಂತಿಯ ಮೂಲಕ ನಮ್ಮಲ್ಲಿಗೂ ಬಂದಿತು.

ಆದರೆ ಜೊತೆಯಾಗಿ ಬಾಳುವುದಕ್ಕೆ ಶಿಸ್ತು ಬೇಕು. ನಮ್ಮ ದೇಶದ ಜಾಲದಲ್ಲಿ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳ ಲಯದಲ್ಲಿ ಹರಿಯಬೇಕು. ಇದಕ್ಕೆ ಆವರ್ತನಾಂಕವೆಂದು ಹೆಸರು. ಪಲ್ಲಕ್ಕಿ ಹೊರುವವರು ಒಂದೇ ಹೆಜ್ಜೆಯಲ್ಲಿ ನಡೆಯುವಂತೆ ಜಾಲದ ಯಂತ್ರಗಳೆಲ್ಲ ಒಂದೇ ಲಯದಲ್ಲಿ ತಿರುಗುತ್ತವೆ. ಯಾರೋ ತಮ್ಮ ಪಾಲಿಗಿಂತ ಹೆಚ್ಚು ಸೆಳೆದರೆ ಎಲ್ಲರ ಹೆಜ್ಜೆಯೂ ನಿಧಾನವಾಗುತ್ತದೆ. ತೊಂಬತ್ತರ ದಶಕದಲ್ಲಿ ದಕ್ಷಿಣ ವಲಯದ ಆವರ್ತನಾಂಕ 49ಕ್ಕಿಂತ ಕೆಳಗಿಳಿಯುವುದು ಸಾಮಾನ್ಯವಾಗಿತ್ತು. ಕೆಲವೊಮ್ಮೆ 48ರ ಆಸುಪಾಸಿಗೂ ಬರುತ್ತಿತ್ತು. ಸಂಜೆ ಏಳು ಗಂಟೆಗೆ ನಮ್ಮ ಮನೆಯ ಬಲ್ಬು ಕೆಂಡದ ತುಂಡಿನಂತಾದದ್ದು, ಫ್ಯಾನು ಆಲಸಿಯಾದದ್ದು ನಿಮಗೆ ನೆನಪಿರಬಹುದು. ಹಳ್ಳಿಯ ಉದ್ದ ಲೈನಿನಲ್ಲಿ ಒತ್ತಡ ಕುಸಿಯುವುದು ಅದಕ್ಕೊಂದು ಕಾರಣ, ಇಡೀ ವಲಯದ ಕೊರತೆ ಇನ್ನೊಂದು. ಎಲ್ಲರೂ ಮುಯ್ಯಾಳು ಕರೆಯುವವರೇ, ಹೋಗುವವರು ಯಾರೂ ಇಲ್ಲ ಎಂಬ ಸ್ಥಿತಿ.

2003ರ ಜನವರಿ 1ರಿಂದ ದಕ್ಷಿಣದಲ್ಲಿ ಹೊಸ ದರ ಪದ್ಧತಿಯೊಂದು ಜಾರಿಗೆ ಬಂತು. ಪ್ರತಿ ಹದಿನೈದು ನಿಮಿಷಕ್ಕೆ ಒಂದು ಲೆಕ್ಕ. ಒಪ್ಪಿದ ಪಾಲಿಗಿಂತ ಹೆಚ್ಚು ಸೆಳೆದ ರಾಜ್ಯ ಹಣ ತೆರಬೇಕು. ಆ ಹೊತ್ತಿನಲ್ಲಿ ಆವರ್ತನಾಂಕ ತಗ್ಗಿದ್ದರೆ ದರ ಇನ್ನೂ ಹೆಚ್ಚು. ಕಡಿಮೆ ಸೆಳೆದು ಉಪಕರಿಸಿದವನಿಗೆ ಹಣ ಸಲ್ಲುತ್ತದೆ. ಬುದ್ಧಿಮಾತಿಗೆ ಬಗ್ಗದ ರಾಜ್ಯಗಳು ಬಿಲ್ಲಿಗೆ ಬಗ್ಗಿದವು. ಬಲು ಬೇಗ ಲಯ ಸುಧಾರಿಸಿತು. ನಲವತ್ತು ವರ್ಷಗಳ ನೆರೆಹೊರೆಯ ಸಂಬಂಧ ಮಾರುಕಟ್ಟೆಯ ಸಂಬಂಧವಾಗಿ ತಿರುಗಿದ ಗಳಿಗೆ ಅದೆಂದು ನನ್ನ ಭಾವನೆ.

ಅಲ್ಲಿಯವರೆಗೂ ದಕ್ಷಿಣ ವಲಯ ಒಂದು ದ್ವೀಪದಂತಿತ್ತು. ಉತ್ತರದ ವಲಯಗಳೊಡನೆ ನಮ್ಮ ಹೆಜ್ಜೆ ಕೂಡುತ್ತಿರಲಿಲ್ಲ. ಹೆಜ್ಜೆ ಕೂಡದಿದ್ದರೂ ಶಕ್ತಿಯನ್ನು ದಾಟಿಸಬಲ್ಲ ವಿಶೇಷ ವ್ಯವಸ್ಥೆಯೊಂದಿದೆ. ಪರ್ಯಾಯ ವಿದ್ಯುತ್ತನ್ನು ನೇರ ವಿದ್ಯುತ್ತಾಗಿ ಬದಲಾಯಿಸಿ, ದಾಟಿಸಿ, ಮತ್ತೆ ಪರ್ಯಾಯವಾಗಿಸುವುದು. ತೊಂಬತ್ತರ ದಶಕದ ಕೊನೆಯಲ್ಲಿ ಭದ್ರಾವತಿಯಲ್ಲಿ ಅಂಥ ಕೇಂದ್ರವೊಂದು ಆರಂಭವಾಯಿತು. ಪತ್ರಿಕೆಯಲ್ಲಿ ಅದನ್ನು ಓದಿ ನಮ್ಮ ಭದ್ರಾವತಿಯೆಂದು ತಿಳಿದು ನಾನು ಸಹೋದ್ಯೋಗಿಗಳಿಗೆಲ್ಲ ಸಾರಿದೆ. ಅದು ಮಹಾರಾಷ್ಟ್ರದ ಚಂದ್ರಪುರ ಜಿಲ್ಲೆಯ ಭದ್ರಾವತಿ! ವಿಜ್ಞಾನದ ಮೇಷ್ಟ್ರು ಒಂದು ವಾರ ನನ್ನನ್ನು ಗೇಲಿ ಮಾಡಿದರು.

ಬಳಿಕ 2003ರಲ್ಲಿ ಒಡಿಶಾದ ತಾಲ್ಚೇರ್‌ನಿಂದ ನೇರ ವಿದ್ಯುತ್ತಿನ ಮಾರ್ಗವೊಂದು ದಕ್ಷಿಣಕ್ಕೆ ಬಂತು. ಉದ್ದ ಸುಮಾರು 1370 ಕಿಲೋಮೀಟರ್, ಸಾಮರ್ಥ್ಯ 2000 ಮೆಗಾವಾಟ್. ಅದು ಬಂದು ಮುಟ್ಟಿದ್ದು ಎಲ್ಲಿಗೆ ಎಂದುಕೊಂಡಿರಿ? ಕೋಲಾರಕ್ಕೆ. 1902ರ ತಂತಿ ಕೊನೆಗೊಂಡ ಅದೇ ಜಿಲ್ಲೆಗೆ, ನೂರೊಂದು ವರ್ಷಗಳ ಮೇಲೆ. ಅಷ್ಟರಲ್ಲಿ ಚಿನ್ನದ ಗಣಿಗಳು ಮುಚ್ಚಿ ಎರಡು ವರ್ಷವಾಗಿತ್ತು.

ಬೇರೆಯಾಗಿರುವುದರಿಂದ ಒಮ್ಮೆ ಲಾಭವೂ ಆಯಿತು. 2012ರ ಜುಲೈ 30 ಮತ್ತು 31ರಂದು ಉತ್ತರ, ಪೂರ್ವ, ಈಶಾನ್ಯ ವಲಯಗಳ ಜಾಲ ಕುಸಿದು ಸುಮಾರು 60 ಕೋಟಿ ಜನ ಕತ್ತಲಿಗೆ ಬಿದ್ದರು. ರೈಲುಗಳು ಹಳಿಗಳ ಮೇಲೆಯೇ ನಿಂತವು. ದಕ್ಷಿಣಕ್ಕೆ ಏನೂ ಆಗಲಿಲ್ಲ. ಆದರೂ ಸೇರುವುದನ್ನು ಬಿಟ್ಟು ಬೇರೆ ದಾರಿಯಿರಲಿಲ್ಲ. ಕೊರತೆಯಿದ್ದದ್ದು ನಮ್ಮಲ್ಲಿ, ಹೆಚ್ಚುವರಿಯಿದ್ದದ್ದು ಅವರಲ್ಲಿ. 2013ರ ಡಿಸೆಂಬರ್ 31ರಂದು ರಾಯಚೂರಿನಿಂದ ಸೋಲಾಪುರಕ್ಕೆ ಸುಮಾರು 200 ಕಿಲೋಮೀಟರ್ ಉದ್ದದ, 765 ಕಿಲೋವೋಲ್ಟ್ ಸಾಮರ್ಥ್ಯದ ಮಾರ್ಗ ಜೋಡಣೆಯಾಯಿತು. ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ಯಂತ್ರಗಳೆಲ್ಲ ಒಂದೇ ಹೆಜ್ಜೆಗೆ ಬಂದವು. ಆ ಕೊಂಡಿ ಬಿದ್ದದ್ದು ಕರ್ನಾಟಕದ ನೆಲದಲ್ಲಿ. ನಮ್ಮ ಪಠ್ಯಪುಸ್ತಕಗಳು 1902ರಷ್ಟೇ ಗೌರವದಿಂದ ಈ ದಿನಾಂಕವನ್ನೂ ಕಾಣಬೇಕು.

ಇನ್ನು ಹರಾಜಿನ ಮಾತು. 2003ರ ವಿದ್ಯುತ್ ಕಾಯ್ದೆಯ ಅನಂತರ ವಿದ್ಯುತ್ ವ್ಯಾಪಾರಕ್ಕೆ ದಾರಿ ತೆರೆದು, 2008ರ ಜೂನ್ 27ರಂದು ಇಂಡಿಯನ್ ಎನರ್ಜಿ ಎಕ್ಸ್‌ಚೇಂಜ್ ಎಂಬ ವಿನಿಮಯ ಕೇಂದ್ರ ಆರಂಭವಾಯಿತು. ಅಡಿಕೆ ಬೆಳೆಗಾರರಿಗೆ ಇದನ್ನು ವಿವರಿಸುವುದು ಕಷ್ಟವಲ್ಲ. ಮಂಡಿಯ ಟೆಂಡರಿನಂತೆ ಇಲ್ಲಿಯೂ ಕೊಳ್ಳುವವರು, ಮಾರುವವರು ನಾಳೆಯ ವಿದ್ಯುತ್ತಿಗೆ ಇಂದೇ ಮುಚ್ಚಿದ ದರ ಸಲ್ಲಿಸುತ್ತಾರೆ. ದಿನವನ್ನು ಹದಿನೈದು ನಿಮಿಷಗಳ 96 ತುಂಡುಗಳಾಗಿ ವಿಂಗಡಿಸಿದ್ದಾರೆ. ಪ್ರತಿ ತುಂಡಿಗೂ ಬೇಡಿಕೆ ಮತ್ತು ಪೂರೈಕೆ ಸಂಧಿಸುವ ದರವೇ ಎಲ್ಲರ ದರ. ಆದರೆ ಅಡಿಕೆಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ದರ ಬಿದ್ದರೆ ನಾವು ರಾಶಿ ಅಡಿಕೆಯನ್ನು ಮೂಟೆ ಕಟ್ಟಿ ಅಟ್ಟದ ಮೇಲಿಟ್ಟು ಕಾಯಬಹುದು. ವಿದ್ಯುತ್ತನ್ನು ಹಾಗೆ ಇಡುವ ಅಟ್ಟ ಬಹಳ ದುಬಾರಿ. ಹುಟ್ಟಿದ ಕ್ಷಣವೇ ಅದು ಖರ್ಚಾಗಬೇಕು.

ತಂತಿ ಸಾಲದಿದ್ದಾಗ ಮಾರುಕಟ್ಟೆಯೂ ಒಡೆಯುತ್ತದೆ. ಆರಂಭದ ವರ್ಷಗಳಲ್ಲಿ ಉತ್ತರದಲ್ಲಿ ಅಗ್ಗದ ವಿದ್ಯುತ್ತಿದ್ದರೂ ದಕ್ಷಿಣಕ್ಕೆ ತರಲು ಸಾಕಷ್ಟು ಮಾರ್ಗವಿರಲಿಲ್ಲ. ಆದ್ದರಿಂದ ಒಂದೇ ದಿನ ಅದೇ ವಿನಿಮಯ ಕೇಂದ್ರದಲ್ಲಿ ದಕ್ಷಿಣದವರು ಉಳಿದವರಿಗಿಂತ ಬಹಳ ಹೆಚ್ಚು ತೆತ್ತು ಕೊಂಡ ದಿನಗಳಿದ್ದವು. ಘಾಟಿ ರಸ್ತೆ ಕುಸಿದಾಗ ಶೃಂಗೇರಿಯ ಅಂಗಡಿಯಲ್ಲಿ ತರಕಾರಿ ದುಬಾರಿಯಾಗುವ ಹಾಗೆ. ಮಾರ್ಗಗಳು ಹೆಚ್ಚಿದಂತೆ ಆ ಅಂತರ ಕರಗುತ್ತ ಬಂದಿತು. ಈ ಹರಾಜಿನಲ್ಲಿ ಕೈ ಬದಲಾಗುವುದು ದೇಶದ ವಿದ್ಯುತ್ತಿನ ಒಂದು ಸಣ್ಣ ಪಾಲು ಮಾತ್ರ. ಹೆಚ್ಚಿನದು ಈಗಲೂ ದೀರ್ಘಾವಧಿ ಕರಾರುಗಳಲ್ಲಿಯೇ ಇದೆ. ಕೊರತೆಯ ದಿನ ಬೆಲೆ ಕಟ್ಟುವುದು ಮಾತ್ರ ಆ ಸಣ್ಣ ಪಾಲೇ.

ಇದೆಲ್ಲದರ ಪರೀಕ್ಷೆ ನಡೆದದ್ದು 2023ರಲ್ಲಿ. ಮುಂಗಾರು ಕೈಕೊಟ್ಟು ರಾಜ್ಯದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಣೆಯಾದವು. ಜಲಾಶಯಗಳು ತುಂಬಲಿಲ್ಲ, ಒಣಗುವ ಬೆಳೆಗೆ ನೀರೆತ್ತಲು ಪಂಪ್‌ಸೆಟ್ಟುಗಳು ಅಕ್ಟೋಬರಿನಲ್ಲಿಯೇ ತಿರುಗಿದವು. ರಾಜ್ಯ ಸರ್ಕಾರ ವಿದ್ಯುತ್ ಕಾಯ್ದೆಯ 11ನೇ ಕಲಮನ್ನು ಬಳಸಿ, ರಾಜ್ಯದ ಖಾಸಗಿ ಉತ್ಪಾದಕರು ತಮ್ಮ ವಿದ್ಯುತ್ತನ್ನು ರಾಜ್ಯಕ್ಕೇ ಕೊಡಬೇಕೆಂದು ಆದೇಶಿಸಿತು. ಮಾರುಕಟ್ಟೆಯಲ್ಲಿಯೂ ಕೊಂಡಿತು. ಜೊತೆಗೆ ಉತ್ತರಪ್ರದೇಶ ಮತ್ತು ಪಂಜಾಬ್ ರಾಜ್ಯಗಳೊಡನೆ ವಿನಿಮಯದ ಒಪ್ಪಂದ ಮಾಡಿಕೊಂಡಿತು. ಅಲ್ಲಿ ಚಳಿಗಾಲದಲ್ಲಿ ಬೇಡಿಕೆ ಕಡಿಮೆ. ಆಗ ಅವರು ನಮಗೆ ಕೊಡುವುದು, ಮುಂದಿನ ಮಳೆಗಾಲದಲ್ಲಿ ಅವರ ಭತ್ತದ ಗದ್ದೆಗಳಿಗೆ ನೀರೆತ್ತುವ ಹೊತ್ತಿಗೆ ನಾವು ಹಿಂತಿರುಗಿಸುವುದು. ಈ ಸುದ್ದಿ ಓದಿದಾಗ ನನಗೆ ಬೇರೆ ಪದವೇ ಹೊಳೆಯಲಿಲ್ಲ. ಇದು ಮುಯ್ಯಾಳು. ನರಸಿಂಹರಾಜಪುರದ ಗದ್ದೆಬಯಲಿನಲ್ಲಿ ನಡೆಯುತ್ತಿದ್ದುದು ಲುಧಿಯಾನದ ಗದ್ದೆಯೊಡನೆ ನಡೆಯಿತು. ಎಪ್ಪತ್ತರ ದಶಕದಲ್ಲಿ ಇಂಥ ಬರ ಬಂದಿದ್ದರೆ ತಿಂಗಳುಗಟ್ಟಲೆ ಕತ್ತಲೆಯಲ್ಲಿ ಕೂರುತ್ತಿದ್ದೆವು.

ಜಗತ್ತಿನ ಬೇರೆಡೆಯೂ ಇದೇ ಕಥೆ. ನಾರ್ವೆ ದೇಶ ನಮ್ಮಂತೆಯೇ ಜಲವಿದ್ಯುತ್ತನ್ನು ನಂಬಿದ್ದು. 1996ರಲ್ಲಿ ಅದು ಸ್ವೀಡನ್ನಿನೊಡನೆ ಸೇರಿ ಎರಡು ದೇಶಗಳ ಸಮಾನ ವಿದ್ಯುತ್ ಮಾರುಕಟ್ಟೆಯನ್ನು ಕಟ್ಟಿತು. ನೇಪಾಳದ ನದಿಗಳ ವಿದ್ಯುತ್ತು 2021ರಿಂದ ನಮ್ಮ ವಿನಿಮಯ ಕೇಂದ್ರದಲ್ಲಿ ಮಾರಾಟವಾಗುತ್ತಿದೆ. 2025ರ ಫೆಬ್ರವರಿಯಲ್ಲಿ ಎಸ್ಟೋನಿಯಾ, ಲಾಟ್ವಿಯಾ, ಲಿಥುವೇನಿಯಾ ಎಂಬ ಮೂರು ಪುಟ್ಟ ದೇಶಗಳು ರಷ್ಯದ ಜಾಲದಿಂದ ಕಳಚಿಕೊಂಡು ಮರುದಿನವೇ ಯೂರೋಪಿನ ಜಾಲಕ್ಕೆ ಹೆಜ್ಜೆ ಕೂಡಿಸಿದವು. ಯಾರೊಡನೆ ಮುಯ್ಯಿ ಇಟ್ಟುಕೊಳ್ಳಬೇಕೆಂಬುದು ಒಂದು ದೇಶದ ಸ್ವಾತಂತ್ರ್ಯದ ಪ್ರಶ್ನೆಯೂ ಆಗಬಲ್ಲದು. ಸೇರಿದವರಿಗೆ ಅಪಾಯವೇ ಇಲ್ಲವೆಂದಲ್ಲ. ಅದೇ ವರ್ಷದ ಏಪ್ರಿಲ್ 28ರಂದು ಸ್ಪೇನ್ ಮತ್ತು ಪೋರ್ಚುಗಲ್ ದೇಶಗಳು ಒಟ್ಟಿಗೇ ಕತ್ತಲಾದವು. ಬೆಳಕು ಮರಳಿದ್ದರಲ್ಲಿ ನೆರೆಯ ಫ್ರಾನ್ಸ್ ಮತ್ತು ಮೊರಾಕೊಗಳ ತಂತಿಗಳ ನೆರವೂ ಇತ್ತು.

ಒಂಟಿಯಾಗಿ ಬಾಳುವ ಪ್ರಯತ್ನವನ್ನೂ ನಮ್ಮ ಮಲೆನಾಡು ನೋಡಿದೆ. ಕಂಬ ಬಾರದ ಒಂಟಿಮನೆಗಳವರು ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ ಒಂದು ಕಿಲೋವಾಟಿನಷ್ಟು ವಿದ್ಯುತ್ತನ್ನು ತಾವೇ ಮಾಡಿಕೊಂಡರು. ಶೃಂಗೇರಿ ತಾಲ್ಲೂಕಿನಲ್ಲಿ ಅಂಥ ಒಂದು ಮನೆಯಲ್ಲಿ ನಾನು ಉಂಡಿದ್ದೇನೆ. ಹೊರಗೆ ಜಡಿಮಳೆ, ಊರಿಗೆಲ್ಲ ಕತ್ತಲೆ, ಆ ಮನೆಯಲ್ಲಿ ಮಾತ್ರ ಹಬ್ಬದ ಬೆಳಕು. ಯಜಮಾನರ ಹೆಮ್ಮೆ ನೋಡುವಂತಿತ್ತು. ಮಾರ್ಚ್ ತಿಂಗಳಲ್ಲಿ ಮತ್ತೆ ಹೋದಾಗ ಹಳ್ಳ ಬತ್ತಿತ್ತು, ಅವರು ಲಾಟೀನಿನ ಗಾಜು ಒರೆಸುತ್ತಿದ್ದರು. ಹಳ್ಳವೊಂದನ್ನೇ ನಂಬಿದ ಆ ಮನೆಗೂ ಶರಾವತಿಯೊಂದನ್ನೇ ನಂಬಿದ್ದ ಅಂದಿನ ರಾಜ್ಯಕ್ಕೂ ಗಾತ್ರದಲ್ಲಷ್ಟೇ ವ್ಯತ್ಯಾಸ.

ಆದ್ದರಿಂದ, ನನ್ನ ಹಳೆಯ ವಿದ್ಯಾರ್ಥಿಯೇ, ನಿನ್ನ ಎರಡನೆಯ ಪ್ರಶ್ನೆಗೆ ಉತ್ತರವಿದು: ಶರಾವತಿ, ಭದ್ರೆ ಬೇಡವಾಗಿಲ್ಲ, ಅವುಗಳೇ ಸಾಲದಾದವು. 2024ರಲ್ಲಿ ರಾಜ್ಯದ ಗರಿಷ್ಠ ಬೇಡಿಕೆ 17,000 ಮೆಗಾವಾಟ್ ದಾಟಿತು. ಶರಾವತಿಯ ಹತ್ತು ಘಟಕಗಳು ಒಟ್ಟಾಗಿ ತಿರುಗಿದರೂ ಅದರ ಹದಿನಾರನೆಯ ಒಂದು ಭಾಗವಷ್ಟೇ. ಹಂಚಿಕೊಂಡು ಬಾಳುವುದು ಸರಿಯಾದ ದಾರಿ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ನನ್ನ ಸಂಶಯ ಲೆಕ್ಕದ ಪುಸ್ತಕದ ಬಗ್ಗೆ. ಹದಿನೈದು ನಿಮಿಷಕ್ಕೊಮ್ಮೆ ಪೈಸೆಯವರೆಗೆ ಲೆಕ್ಕವಿಡುವ ಈ ವ್ಯವಸ್ಥೆಯಲ್ಲಿ ಮುಳುಗಿದ ಗದ್ದೆಗೊಂದು ಕಲಂ ಇಲ್ಲ. ಶರಾವತಿ ಮುಳುಗಡೆ ಸಂತ್ರಸ್ತರ ಭೂಮಿಯ ಹಕ್ಕಿನ ಪ್ರಶ್ನೆ ದಶಕಗಳ ಕಾಲ ಕಡತಗಳಲ್ಲಿ ಅಲೆಯಿತು. ರಾಜ್ಯವೊಂದು ಇನ್ನೊಂದರಿಂದ ಪಡೆದದ್ದನ್ನು ತಿಂಗಳು ಹೇಳಿ ಹಿಂತಿರುಗಿಸುತ್ತದೆ. ಈ ಅಜ್ಜನಿಂದ ಪಡೆದದ್ದನ್ನು ಹಿಂತಿರುಗಿಸುವ ತಿಂಗಳನ್ನು ಯಾರೂ ಹೇಳಲಿಲ್ಲ.

ಇದು ಹಳೆಯ ಮಾತೆಂದು ಬಿಡುವಂತಿಲ್ಲ. ಪಾವಗಡದ 2050 ಮೆಗಾವಾಟಿನ ಸೌರ ಉದ್ಯಾನದಂಥವುಗಳಿಂದ ಹಗಲಿನಲ್ಲಿ ವಿದ್ಯುತ್ತು ಹೇರಳವಾಗಿದೆ, ಸಂಜೆಗೆ ಕೊರತೆ. ಹರಾಜಿನಲ್ಲಿ ಮಧ್ಯಾಹ್ನ ಅಗ್ಗ, ಸಂಜೆ ದುಬಾರಿ. ಹಾಗಾಗಿ ಹಗಲಿನ ಅಗ್ಗದ ವಿದ್ಯುತ್ತಿನಿಂದ ನೀರನ್ನು ಮೇಲೆತ್ತಿ ಸಂಜೆ ಇಳಿಸುವ ಯೋಜನೆಗಳಿಗೆ ಬೆಲೆ ಬಂದಿದೆ. ನಾನು ಹಿಂದೆ ಹೇಳಿದ ದುಬಾರಿ ಅಟ್ಟ ಇದೇ. ಗೇರುಸೊಪ್ಪೆ ಮತ್ತು ತಲಕಳಲೆ ಜಲಾಶಯಗಳ ನಡುವೆ 2000 ಮೆಗಾವಾಟಿನ ಅಂಥ ಯೋಜನೆಯನ್ನು ರಾಜ್ಯ ಮುಂದಿಟ್ಟಿದೆ. ಅದು ಸಿಂಗಳೀಕಗಳ ಅಭಯಾರಣ್ಯದ ನೆಲ. ಅದಕ್ಕೆ ತೀವ್ರ ವಿರೋಧವೂ ಇದೆ. ದೇಶದ ಮಾರುಕಟ್ಟೆಗೆ ಅಟ್ಟ ಬೇಕೆನ್ನುವಾಗ ಮತ್ತೆ ಮಲೆನಾಡಿನ ಮನೆಯ ಮಾಡನ್ನೇ ನೋಡುತ್ತಾರೆ. ಕೊಡಬಾರದೆಂದು ನಾನು ಹಟ ಹಿಡಿಯುವುದಿಲ್ಲ. ಮುಯ್ಯಿಯೆಂದರೆ ಎರಡು ಕಡೆಯ ಮಾತು ಎಂಬುದನ್ನು ಮೊದಲು ಒಪ್ಪಿಕೊಂಡು, ಆಮೇಲೆ ಕೇಳಲಿ.

ಮೊದಲ ಪ್ರಶ್ನೆಯ ಉಳಿದರ್ಧ ಉತ್ತರವನ್ನೂ ಹೇಳಿ ಮುಗಿಸುತ್ತೇನೆ. ಆ ಮನೆಗೆ ಕರೆಂಟು ಬಂದದ್ದು 1994ರಲ್ಲಿ, ಶಿವನಸಮುದ್ರದ ತಂತಿ ಕೋಲಾರ ಮುಟ್ಟಿ ತೊಂಬತ್ತೆರಡು ವರ್ಷಗಳ ಮೇಲೆ. ಮೈಲಿಗೊಂದು ವರ್ಷ ಎಂದು ಲೆಕ್ಕ ಹಾಕಿ ಕೊಪ್ಪದ ಬಸ್ ನಿಲ್ದಾಣದಲ್ಲಿ ಇಬ್ಬರೂ ನಕ್ಕೆವು. ಅಜ್ಜ ಅದನ್ನು ನೋಡಲು ಇರಲಿಲ್ಲ. ಇಂದಿಗೂ ಆಷಾಢದ ಗಾಳಿಗೆ ಮರ ಬಿದ್ದು ತಂತಿ ಹರಿದರೆ ಆ ಮನೆ ಮೂರು ದಿನ, ನಾಲ್ಕು ದಿನ ಕತ್ತಲೆ. ಪಂಜಾಬಿನಿಂದ ಕೊಪ್ಪದವರೆಗೆ ನಿರಾಯಾಸವಾಗಿ ಬಂದ ವಿದ್ಯುತ್ತು ಕಡೆಯ ನಾಲ್ಕು ಕಂಬ ದಾಟಲಾರದೆ ನಿಲ್ಲುತ್ತದೆ. ಆಗ ಮೊಣಕಾಲುದ್ದ ಕೆಸರಿನಲ್ಲಿ, ಜಿಗಣೆ ಕಚ್ಚಿಸಿಕೊಂಡು, ಸುರಿಯುವ ಮಳೆಯಲ್ಲಿ ಕಂಬ ಹತ್ತುವ ಲೈನ್‌ಮನ್ನೇ ಇಡೀ ದೇಶದ ಜಾಲದ ಕೊನೆಯ ಕೊಂಡಿ. ನಿಮ್ಮಲ್ಲಿ ಕೆಲವರು ಆ ಕೆಲಸದಲ್ಲಿದ್ದೀರಿ. ನಿಮ್ಮ ಮೇಷ್ಟ್ರಾಗಿದ್ದೆನೆಂದು ಹೇಳಿಕೊಳ್ಳಲು ನನಗೆ ಹೆಮ್ಮೆ.

ನಿಮ್ಮ ನಿಮ್ಮ ಮನೆಗೆ ಮೊದಲ ದೀಪ ಬಂದ ದಿನ ಯಾವುದೆಂದು ಮನೆಯ ಹಿರಿಯರನ್ನು ಕೇಳಿ ನನಗೆ ಬರೆದು ತಿಳಿಸಿ. ಇಸವಿ ಸರಿಯಾಗಿರಲಿ. ಈ ಸಲ ಅಂಕ ಕೊಡುವುದಿಲ್ಲ, ಆದರೆ ಎಲ್ಲವನ್ನೂ ಒಂದು ಪುಸ್ತಕದಲ್ಲಿ ಬರೆದಿಡುತ್ತೇನೆ.